ಯಾರೂ ಇಕ್ಕದ ಮದ್ದು

ನಮ್ಮ ಚಿಕ್ಕಪ್ಪ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ತೊಂಬತ್ತರ ದಶಕದ ನಡುವಿನಲ್ಲಿ ಅವರಿಗೆ ಕಾಮಾಲೆ ಹತ್ತಿತು. ಎಷ್ಟು ಔಷಧಿ ಕೊಟ್ಟರೂ ಇಳಿಯದಿದ್ದಾಗ ಹಾಸನದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಹೊಸದಾಗಿ ಬಂದಿದ್ದ ಡಾಕ್ಟರು, ಬನಿಯನ್ನಿನಲ್ಲಿ ಗಡ್ಡ ಬಿಟ್ಟುಕೊಂಡು ಮಲಗಿದ್ದ ಚಿಕ್ಕಪ್ಪನನ್ನು ಒಮ್ಮೆ ನೋಡಿ, ಅವರ ತಲೆಯ ಮೇಲಿಂದಲೇ ನಮ್ಮಪ್ಪನಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಕಾಯಿಲೆ ಏನು, ಎಷ್ಟು ಹಬ್ಬಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ, ಪೇಷೆಂಟಿಗೆ ಮಾತ್ರ ಗೊತ್ತಾಗುವುದು ಬೇಡ, ಎಲ್ಲ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ ಕನ್ನಡದಲ್ಲಿ, “ಏನೂ ಗಾಬರಿ ಇಲ್ಲ, ಚೆನ್ನಾಗಿ ಊಟ ಮಾಡಿ” ಅಂದರು. ಚಿಕ್ಕಪ್ಪ, “ಆಗಲಿ ಸಾರ್” ಅಂದರು, ಅದೂ ಕನ್ನಡದಲ್ಲಿ.

ಮನೆಗೆ ಬಂದ ಮೇಲೆ ಅವರು ಆ ವಿಷಯ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಕೊನೆಯ ತನಕ ಸಾರಿನ ಉಪ್ಪು, ಕರೆಂಟು ಹೋದದ್ದು, ಎದುರುಮನೆಯ ಕರು, ಇಂಥವುಗಳ ಬಗ್ಗೆಯೇ ಮಾತಾಡಿಕೊಂಡು ಇದ್ದೆವು. ಆಗ ನಾನು ಎಂ.ಎ. ಓದುತ್ತಿದ್ದೆ.

ಅದರಿಂದಲೇ ನಾನು ಈ ಕೆಲಸಕ್ಕೆ ಬಂದೆ ಎಂದರೆ ಸುಳ್ಳಾಗುತ್ತದೆ. ಮೈಸೂರಿನ ಸಂಸ್ಥೆಯೊಂದರಲ್ಲಿ ಸಂಶೋಧನಾ ಸಹಾಯಕರು ಬೇಕಾಗಿದ್ದರು, ನನಗೆ ಕೆಲಸ ಬೇಕಾಗಿತ್ತು. ವಾಸಿಯಾಗದ ಕಾಯಿಲೆಯವರ ಹತ್ತಿರ ಡಾಕ್ಟರುಗಳು ಏನು ಮಾತಾಡುತ್ತಾರೆ, ಅದರಲ್ಲಿ ರೋಗಿಯ ಕಿವಿಗೆ ಬೀಳುವುದು ಎಷ್ಟು, ಅವರು ಅರ್ಥ ಮಾಡಿಕೊಳ್ಳುವುದು ಏನು ಎಂಬುದೇ ಆ ಅಧ್ಯಯನದ ವಿಷಯ. ಹಾಸನದ ಕಡೆಯವಳೆಂದು ನನಗೆ ಹಾಸನ ಜಿಲ್ಲೆಯನ್ನೇ ವಹಿಸಿದರು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಹೊಳೆನರಸೀಪುರದ ಮನೆಯಿಂದ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ, ಡಾಕ್ಟರ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೇಳಿಸಿಕೊಳ್ಳುವುದು, ಆಮೇಲೆ ಒಪ್ಪಿದ ರೋಗಿಗಳ ಊರಿಗೆ ಹೋಗಿ ಅವರನ್ನು ಮಾತಾಡಿಸುವುದು ನನ್ನ ಕೆಲಸ. ಊರಿನವರು ನನ್ನನ್ನು ಔಷಧಿ ಕಂಪನಿಯವಳೆಂದೋ, ಜನಗಣತಿಯವಳೆಂದೋ ತಿಳಿಯುತ್ತಿದ್ದರು. ತಿದ್ದಿ ತಿದ್ದಿ ಸಾಕಾಗಿತ್ತು.

ನಾನು ಹೆಚ್ಚಾಗಿ ಕೂರುತ್ತಿದ್ದದ್ದು ಒಬ್ಬ ಸರ್ಜನ್ನರ ಕೋಣೆಯಲ್ಲಿ. ಐವತ್ತು ದಾಟಿದ, ಕೈಗುಣ ಇದೆ ಎಂದು ಹೆಸರಾದ ಮನುಷ್ಯ. ಜೋರು ದನಿ, ಮೃದು ಸ್ವಭಾವ. ಕ್ಯಾನ್ಸರ್ ಎಂಬ ಪದವನ್ನು ಮಾತ್ರ ರೋಗಿಯ ಮುಂದೆ ಒಮ್ಮೆಯೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹುಣ್ಣು, ಬಾವು, ನಂಜು ಎಂದು ಏನಾದರೊಂದು ಹೇಳಿ, ಮನೆಯ ಗಂಡಸರನ್ನು ಹೊರಗೆ ಕರೆದು ನಿಜ ಹೇಳುತ್ತಿದ್ದರು. ನಾನು ಯಾಕೆಂದು ಕೇಳಿದ್ದಕ್ಕೆ, “ಇರೋ ನಾಲ್ಕು ದಿನ ನೆಮ್ಮದಿಯಾಗಿರಲಿ ಬಿಡಮ್ಮ” ಅಂದಿದ್ದರು. ಆ ಮಾತಿನಲ್ಲಿ ಕಪಟವಿರಲಿಲ್ಲ.

ಅಲ್ಲಿಗೆ ಬಂದವರಲ್ಲಿ ರಾಮನಾಥಪುರದ ಆಚೆಯ ಹಳ್ಳಿಯೊಂದರ ಹೆಂಗಸು ಒಬ್ಬರಿದ್ದರು. ಹೊಗೆಸೊಪ್ಪು ಬೆಳೆಯುವ ಒಕ್ಕಲು ಮನೆತನ. ವಯಸ್ಸು ಐವತ್ತರ ಮೇಲೆ, ಎತ್ತರದ ಆಳು, ಬಿಚ್ಚು ಮಾತು. ಹೊಟ್ಟೆನೋವು, ಉಂಡದ್ದು ನಿಲ್ಲದೆ ವಾಂತಿ, ಮೈ ಇಳಿದುಹೋಗಿತ್ತು. ಡಾಕ್ಟರು ಹೊಟ್ಟೆ ಆಪರೇಷನ್ನಿಗೆ ತೆಗೆದುಕೊಂಡರು. ಒಳಗೆ ನೋಡಿದರೆ ಜಠರದ ಗಡ್ಡೆ ಯಕೃತ್ತಿಗೂ ಹರಡಿತ್ತು. ಏನೂ ಮಾಡಲಾಗದೆ ಮತ್ತೆ ಹೊಲಿದುಬಿಟ್ಟರು. ಗಂಡನಿಗೆ, ದೊಡ್ಡ ಮಗನಿಗೆ ವರಾಂಡದಲ್ಲಿ ವಿಷಯ ಹೇಳಿದರು. ಆಕೆಗೆ, “ಹೊಟ್ಟೆಯಲ್ಲಿ ಹುಣ್ಣಾಗಿತ್ತು ತಾಯಿ, ಸರಿ ಮಾಡಿದ್ದೀವಿ, ಮಾತ್ರೆ ತಗೊಂಡರೆ ಹುಷಾರಾಗ್ತೀರಿ” ಅಂದರು.

ಕೆಲವು ವಾರ ಬಿಟ್ಟು ನಾನು ಅವರ ಊರಿಗೆ ಹೋದೆ. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಇಳಿದು ಒಂದಷ್ಟು ದೂರ ನಡೆಯಬೇಕಿತ್ತು. ಹಾದಿಯ ಎರಡೂ ಕಡೆ ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ನುಗಳು, ಸೌದೆ ಹೊಗೆಯ ವಾಸನೆ. ಮನೆ ದೊಡ್ಡದು. ಪಾಲಾದ ಮೇಲೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದು ಭಾಗದಲ್ಲಿ ಇವರು, ಇನ್ನೊಂದರಲ್ಲಿ ತೀರಿಕೊಂಡ ಮೈದುನನ ಹೆಂಡತಿ, ಆಕೆಯ ಒಬ್ಬಳೇ ಮಗಳು.

ಆಕೆ ನಡುಮನೆಯಲ್ಲಿ ಚಾಪೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಇನ್ನೂ ಸೊರಗಿದ್ದರು. ಎಲ್ಲರನ್ನೂ ಕೇಳುವಂತೆ ನಾನು ಕೇಳಿದೆ: “ನಿಮ್ಮ ಕಾಯಿಲೆ ಏನು ಅಂತ ಡಾಕ್ಟ್ರು ಹೇಳಿದ್ರು?”

“ಉಣ್ಣು ಅಂದ್ರು ಕಣವ್ವ,” ಅಂದರು. “ಅವ್ರಿಗೆ ಗೊತ್ತಾಗ್ನಿಲ್ಲ. ಉಣ್ಣಾಗಿದ್ರೆ ಮಾತ್ರೆಗೆ ವಾಸಿ ಆಗ್ಬೇಕಿತ್ತಲ್ವಾ? ತಿಂದಷ್ಟೂ ಜಾಸ್ತಿ ಆಯ್ತಾ ಐತೆ. ಇದು ಮದ್ದು. ನಂಗೆ ಯಾರೋ ಮದ್ದು ಇಕ್ಕವ್ರೆ.”

ನಮ್ಮ ಕಡೆ ಈ ಮಾತಿಗೆ ವಿವರಣೆ ಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಆಗದವರು ಅನ್ನದಲ್ಲೋ ತಿಂಡಿಯಲ್ಲೋ ಏನನ್ನೋ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ನಿಧಾನವಾಗಿ ತಿನ್ನುತ್ತದೆ ಎಂಬ ನಂಬಿಕೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇರುತ್ತಾರೆ. ಇವರು ಚನ್ನರಾಯಪಟ್ಟಣದ ಹತ್ತಿರ ಅಂಥವನೊಬ್ಬನಲ್ಲಿಗೆ ಹೋಗಿ ಬಂದಿದ್ದರು. ಅವನು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಕರ್ರಗಿನದೇನನ್ನೋ ಬಾಳೆಯೆಲೆಯ ಮೇಲೆ ತೋರಿಸಿ, “ಹತ್ತಿರದವರೇ, ಒಬ್ಬ ಹೆಂಗಸೇ ಇಕ್ಕಿರೋದು” ಎಂದು ಹೇಳಿ ಕಳಿಸಿದ್ದನಂತೆ. ಹತ್ತಿರದ ಹೆಂಗಸು ಎಂದರೆ ಇನ್ಯಾರು? ಗೋಡೆಯಾಚೆ ಇದ್ದವಳೇ. ಹಬ್ಬಕ್ಕೆ ಕಜ್ಜಾಯ ಕೊಟ್ಟು ಕಳಿಸಿದವಳೂ ಅವಳೇ.

“ಮದ್ವೆಯಾಗಿ ಬಂದಾಗ್ಲಿಂದ ನನ್ ಕೈಯಾಗೇ ಬೆಳುದ್ಲು,” ಎಂದು ಆಕೆ ಗೋಡೆಯ ಕಡೆ ನೋಡುತ್ತ ಹೇಳಿದರು. “ಸೊಪ್ಪು ಕಟ್ಟೋವಾಗ ಒಂದೇ ಸೀರೆ ಸೆರಗು ಒದ್ಕೊಂಡು ಕೂತಿರ್ತಿದ್ದೋ. ಅಂಥೋಳು ಇಂಗ್ ಮಾಡದಾ? ನೋವು ಒಟ್ಟೇಲಿ ಅಲ್ಲ ಕಣವ್ವ, ಇಲ್ಲಿ.” ಎದೆಯ ಮೇಲೆ ಕೈಯಿಟ್ಟುಕೊಂಡರು.

ಬಾಗಿಲಲ್ಲಿ ನಿಂತಿದ್ದ ದೊಡ್ಡ ಮಗ ತಲೆ ಎತ್ತಲಿಲ್ಲ. ನಾನು ಹೊರಡುವ ಮುಂಚೆ ಕೇಳಿದೆ: “ನೀವು ಹೀಗೆ ಅಂದ್ಕೊಂಡಿದ್ದೀರಿ ಅಂತ ಡಾಕ್ಟ್ರಿಗೆ ಹೇಳಲಾ?”

“ಏಳವ್ವ. ಅವ್ರೂ ತಿಳ್ಕಳ್ಳಿ.”

ಬಸ್ಸಿಗೆ ಕಾಯುತ್ತಿದ್ದಾಗ ಆ ಓರಗಿತ್ತಿ ನನ್ನ ಹಿಂದೆಯೇ ಬಂದರು. ನಲವತ್ತರ ಆಸುಪಾಸಿನ ಸಣಕಲು ಹೆಂಗಸು. ಓಡಿ ಬಂದಿದ್ದಕ್ಕೆ ಏದುಸಿರು ಬಿಡುತ್ತಿದ್ದರು.

“ಮೇಡಮ್ನೋರೇ, ನಮ್ಮಕ್ಕಂಗೆ ಏನಾಗೈತೆ?”

ನನಗೆ ಗೊತ್ತಿತ್ತು. ಹೇಳುವ ಹಕ್ಕು ನನಗಿರಲಿಲ್ಲ. ರೋಗಿಗೇ ತಿಳಿಯದ ವಿಷಯವನ್ನು ರಸ್ತೆಯಲ್ಲಿ ನಿಂತು ಇನ್ನೊಬ್ಬರಿಗೆ ಹೇಗೆ ಹೇಳುವುದು? “ಅದನ್ನ ಡಾಕ್ಟ್ರೇ ಹೇಳಬೇಕಮ್ಮ” ಅಂದೆ.

“ನಾನು ಇಕ್ಕಿವ್ನಿ ಅಂತ ಊರೆಲ್ಲ ಆಗೋಯ್ತು. ನಮ್ಮನೇಲಿ ಒಬ್ರು ನೀರು ಕುಡಿಯಕಿಲ್ಲ. ಸಾಲಗಾಮೆಯಿಂದ ನನ್ ಮಗ್ಳ ನೋಡಕ್ಕೆ ಬತ್ತೀವಿ ಅಂದಿದ್ರು, ಅವ್ರೂ ಬರ್ನಿಲ್ಲ. ನಾನು ಅಕ್ಕನ ಬಾಗ್ಲಿಗೆ ಓದ್ರೆ ಮಕ ತಿರುಗುಸ್ಕತದೆ. ಅಲ್ಲಿ ನರಳೋದು ನಂಗೆ ಗೋಡೆಯಿಂದ ಕೇಳುಸ್ತದೆ, ಓಗಿ ಕಾಲು ಒತ್ತಕ್ಕಾಗಕಿಲ್ಲ.” ಕಣ್ಣು ಒರೆಸಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು.

ಮಾರನೆಯ ದಿನ ಡಾಕ್ಟರ ಕೋಣೆ ಖಾಲಿಯಾಗುವವರೆಗೂ ಕಾದು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

“ನಾನು ಅವರ ನೆಮ್ಮದಿಗೆ ಅಂತ ಹೇಳಿದ್ದು” ಅಂದರು.

“ಹೌದು ಸಾರ್.”

“ಹೊಟ್ಟೆ ಕೊಯ್ದು ನೋಡಿದ್ದು ನಾನು. ಅದರಲ್ಲಿ ಏನಿತ್ತು ಅಂತ ಚನ್ನರಾಯಪಟ್ಟಣದವನು ಹೇಳ್ತಾನಾ?” ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಅವರಿಗೂ ಗೊತ್ತಿದ್ದಂತಿರಲಿಲ್ಲ. ಆಮೇಲೆ ಕ್ಯಾಲೆಂಡರಿನ ಕಡೆ ನೋಡಿ, “ಭಾನುವಾರ ನಾನೇ ಬರ್ತೀನಿ. ದಾರಿ ತೋರಿಸ್ತೀಯಾ?” ಅಂದರು.

ಭಾನುವಾರ ಬೆಳಗ್ಗೆ ಅವರ ಕಾರು ಹೊಳೆನರಸೀಪುರದ ನಮ್ಮ ಬೀದಿಗೇ ಬಂತು. ನಮ್ಮಮ್ಮ ಇಡ್ಲಿ ಕೊಟ್ಟರು. ಹಳ್ಳಿಮೈಸೂರು ದಾಟುವವರೆಗೂ ಡಾಕ್ಟರು ಮಳೆ, ಬೆಳೆ, ರಸ್ತೆಯ ಹಳ್ಳಗಳ ಬಗ್ಗೆ ಮಾತಾಡಿದರು. ಆಮೇಲೆ ತಟ್ಟನೆ, “ಹೇಗೆ ಶುರು ಮಾಡಬೇಕಮ್ಮ? ಇಷ್ಟು ವರ್ಷದಲ್ಲಿ ನಾನು ಇದನ್ನ ಒಬ್ಬರಿಗೂ ನೇರ ಹೇಳಿಲ್ಲ” ಅಂದರು. ನಾನೂ ಒಬ್ಬರಿಗೂ ಹೇಳಿದವಳಲ್ಲ. ಓದಿದ್ದು ಮಾತ್ರ ಇತ್ತು. ಮೊದಲು ಅವರಿಗೆ ಏನನ್ನಿಸಿದೆ ಎಂದು ಕೇಳುವುದು, ಎಷ್ಟು ತಿಳಿಯಬೇಕೆಂದು ಅವರನ್ನೇ ಕೇಳುವುದು, ಹೇಳಿದ ಮೇಲೆ ಎದ್ದು ಹೋಗದೆ ಸುಮ್ಮನೆ ಕೂತಿರುವುದು ಎಂದು ಓದಿದ್ದನ್ನೇ ಹೇಳಿದೆ. ಅವರು ತಲೆಯಾಡಿಸಿದರು.

ಮನೆಯ ಜಗಲಿಯಲ್ಲಿ ಮೊದಲು ಗಂಡ, ಮಗ ಸಿಕ್ಕಿದರು. ಡಾಕ್ಟರು ಬಂದ ಉದ್ದೇಶ ಹೇಳಿದೊಡನೆ ಮಗ ಕೈಮುಗಿದ.

“ಬ್ಯಾಡಿ ಸಾ. ಏಳುದ್ರೆ ಅವ್ವ ಎದೆ ಒಡ್ಕಂಡು ಸತ್ತೋಯ್ತದೆ.”

“ಮದ್ದಲ್ಲ ಅಂತ ನಿನಗೆ ಗೊತ್ತಲ್ಲಪ್ಪ,” ಅಂದರು ಡಾಕ್ಟರು. “ನಿಮ್ಮ ಚಿಕ್ಕವ್ವನ ಮೇಲೆ ಹೊರಿಸಿದಾಗ ಯಾಕೆ ಸುಮ್ಮನಿದ್ದೆ?”

ಮಗನ ಬದಲು ಗಂಡ ಉತ್ತರ ಕೊಟ್ಟರು. “ಯಾರ ಮ್ಯಾಲಾದ್ರೂ ಸಿಟ್ಟಿದ್ರೆ ಅದ್ರ ಮ್ಯಾಲಾದ್ರೂ ಬದುಕ್ತಾಳೆ ಅನ್ಕಂಡಿದ್ದೋ ಸಾ. ಅವಳು ಏನೋ ಒಂದು ನಂಬ್ಕಂಡವ್ಳೆ, ನಂಬ್ಲಿ ಅಂದ್ಕಂಡೋ.” ಸ್ವಲ್ಪ ಹೊತ್ತು ಟವೆಲ್ಲಿನ ತುದಿ ತಿರುಚಿದರು. “ನೀವೇ ಏಳ್ಬುಡಿ. ನಮ್ ಬಾಯಲ್ಲಿ ಬರಕಿಲ್ಲ.”

ಒಳಗೆ ಹೋದೆವು. ಡಾಕ್ಟರು ಕುರ್ಚಿ ಬೇಡವೆಂದು ಚಾಪೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವರ ದೊಡ್ಡ ದೇಹಕ್ಕೆ ಅದು ಕಷ್ಟವಾಯಿತು. ಆಕೆ ಎದ್ದು ಕೂರಲು ಹೋದರೆ, “ಮಲಗಿ ಮಲಗಿ” ಅಂದರು.

“ನಿಮಗೆ ಏನಾಗಿದೆ ಅಂತ ನಿಮಗನ್ಸುತ್ತೆ ತಾಯಿ?”

“ಮದ್ದು ಸಾ.”

“ನಾನು ಒಳಗೆ ನೋಡಿದ್ದೀನಿ. ಏನಿತ್ತು ಅಂತ ಹೇಳಲಾ? ಕೇಳೋದಕ್ಕೆ ಕಷ್ಟ ಆಗೋ ವಿಷಯ. ಬೇಡ ಅಂದ್ರೆ ಹೇಳಲ್ಲ.”

ಆಕೆ ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು. “ಏಳಿ” ಅಂದರು.

“ಮದ್ದು ಇರಲಿಲ್ಲ. ಗಡ್ಡೆ ಇದೆ. ಕೆಟ್ಟ ಗಡ್ಡೆ. ಕ್ಯಾನ್ಸರ್. ಅವತ್ತು ತೆಗೆಯೋದಕ್ಕೆ ಆಗಲಿಲ್ಲ, ಹಾಗೇ ಹೊಲಿದೆ. ಹುಣ್ಣು ಅಂತ ನಿಮಗೆ ಹೇಳಿದ್ದು ನಾನೇ.”

ಹೊರಗೆ ಯಾರೋ ಸೌದೆ ಒಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಆಕೆ ಅಳುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ, ನಾನು ಈ ಮನೆಗೆ ದೊಡ್ಡ ಕೇಡು ತಂದಿಟ್ಟೆ ಎಂದುಕೊಂಡೆ.

ಆಕೆ ಕೇಳಿದ್ದು ಒಂದೇ. “ಅಂಗಾರೆ ಅವ್ಳು ಇಕ್ಕಿಲ್ವಾ?”

“ಯಾರೂ ಇಕ್ಕಿಲ್ಲ. ಇದು ಯಾರಾದ್ರೂ ಇಕ್ಕಿ ಬರೋ ಕಾಯಿಲೆ ಅಲ್ಲ.”

“ನೀವು ಕಣ್ಣಾರೆ ನೋಡಿದ್ರಾ?”

“ಕಣ್ಣಾರೆ ನೋಡಿದ್ದೀನಿ. ಕೈಯಿಂದ ಮುಟ್ಟಿ ನೋಡಿದ್ದೀನಿ.”

ಆಕೆ ಉಸಿರು ಬಿಟ್ಟರು. ಎಷ್ಟೋ ವಾರಗಳಿಂದ ಹಿಡಿದಿಟ್ಟಿದ್ದ ಉಸಿರಿನಂತೆ ಅದು ನಿಧಾನವಾಗಿ ಹೊರಟಿತು. ಆಮೇಲೆ ಕಣ್ಣಲ್ಲಿ ನೀರು ಬಂತು. ಆದರೆ ನಾನು ಹೆದರಿದ ರೀತಿಯ ಅಳು ಅದಾಗಿರಲಿಲ್ಲ. “ಸದ್ಯ” ಅಂದರು. ಮತ್ತೊಮ್ಮೆ, “ಸದ್ಯ ಕಣಪ್ಪ. ಸಾಯೋದಾದ್ರೂ ಸಾಯನ. ಅವ್ಳು ಅಂಗ್ ಮಾಡಿದ್ಲು ಅನ್ಕಂಡು ಸಾಯೋದಿತ್ತಲ್ಲ, ಅದು ತಪ್ತು.” ಮಗನ ಕಡೆ ತಿರುಗಿ, “ನಿಂತ್ಕಂಡೇನ್ಲಾ ನೋಡೀಯೆ, ಓಗಿ ಚಿಕ್ಕವ್ವನ ಕರಿ” ಅಂದರು.

ಓರಗಿತ್ತಿ ಬಂದರು. ಹೊಸ್ತಿಲ ಆಚೆಯೇ ನಿಂತರು. ಕೈಯಲ್ಲಿ ಹಿಟ್ಟು ಮೆತ್ತಿತ್ತು.

“ಒಳಿಕ್ ಬಾರೇ.”

“ಮಕ ತಿರುಗುಸ್ಕತೀಯ.”

“ಇಲ್ಲ ಬಾ. ನಂಗೆ ಕ್ಯಾನ್ಸರಂತೆ. ನೀನು ಇಕ್ಕಿಲ್ವಂತೆ. ಡಾಕ್ಟ್ರು ಒಟ್ಟೆ ಬಿಚ್ಚಿ ನೋಡವ್ರೆ.”

ಓರಗಿತ್ತಿಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂತು. “ಅಯ್ಯೋ ನಿನ್ನ! ನಾನು ಇಕ್ಕೋಳಾಗಿದ್ರೆ ಇಷ್ಟು ವರ್ಷ ಕಾಯ್ತಿದ್ನಾ? ಬಂದ ಒಸದ್ರಲ್ಲಿ ನನ್ ಕೈಲಿ ಕೊಟ್ಟಿಗೆ ಬಳಿಸ್ತಿದ್ಯಲ್ಲ, ಆವತ್ತೇ ಇಕ್ತಿದ್ದೆ!”

ಆಕೆ ನಕ್ಕರು. ನಗುವಾಗ ಹೊಟ್ಟೆ ಹಿಡಿದುಕೊಂಡು, “ನಗುಸ್ಬ್ಯಾಡ ಕಣೇ, ನೋಯ್ತದೆ” ಅಂದರು. ಓರಗಿತ್ತಿ ಹಿಟ್ಟಿನ ಕೈಯಲ್ಲೇ ಆಕೆಯ ಕಾಲು ಹಿಡಿದುಕೊಂಡು ಕೂತುಬಿಟ್ಟರು. ಡಾಕ್ಟರು ಮುಖ ಆ ಕಡೆ ಮಾಡಿ ಕನ್ನಡಕ ಒರೆಸಿದರು.

ಅಲ್ಲಿಂದ ನೋವಿನ ವಿಷಯ ಬಂತು. ಹುಣ್ಣಿನ ಮಾತ್ರೆ ಎಂದು ಕೊಡುತ್ತಿದ್ದುದರಿಂದ ನೋವಿಗೆ ಸರಿಯಾದ ಔಷಧಿಯನ್ನೇ ಕೊಡಲಾಗಿರಲಿಲ್ಲ. ಮಾರ್ಫಿನ್ ಮಾತ್ರೆ ಆಗ ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಅದಕ್ಕೆ ಲೈಸೆನ್ಸು ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕಿತ್ತು. ಡಾಕ್ಟರು ಬೆಂಗಳೂರಿನ ಪರಿಚಯದವರಿಗೆ ಫೋನು ಮಾಡಿದರು. ದೊಡ್ಡ ಮಗ ಆಸ್ಪತ್ರೆಯ ಕಾಗದಗಳನ್ನೆಲ್ಲ ಹಿಡಿದುಕೊಂಡು ಹೋಗಿ ತಂದ. ತಂದವನು ಅದನ್ನು ಕೊಡಲು ಹೆದರಿದ. ಅಂಗಡಿಯವನೊಬ್ಬ ಅದು ಸಾಯುವವರಿಗೆ ಕೊಡುವ ಮಾತ್ರೆ ಎಂದಿದ್ದನಂತೆ. ಮತ್ತೆ ಊರಿಗೆ ಬಂದ ಡಾಕ್ಟರು ಈ ಸಲ ಮಗನನ್ನು ಹೊರಗೆ ಕರೆಯಲಿಲ್ಲ. ಆಕೆಯ ಎದುರಿಗೇ, ಆಕೆಗೇ ಹೇಳಿದರು: “ಇದು ನೋವು ತಡೆಯೋ ಮಾತ್ರೆ ತಾಯಿ. ನೋವು ಬಂದ ಮೇಲೆ ತಗೊಳ್ಳೋದಲ್ಲ, ಹೊತ್ತು ಹೊತ್ತಿಗೆ ತಗೋಬೇಕು. ಮಲ ಕಟ್ಟುತ್ತೆ, ಅದಕ್ಕೆ ಬೇರೆ ಔಷಧಿ ಕೊಡ್ತೀನಿ. ಶುರುವಿನಲ್ಲಿ ಮಂಪರು ಬರುತ್ತೆ, ಆಮೇಲೆ ಸರಿಹೋಗುತ್ತೆ.” ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಕೆಲಸ ಓರಗಿತ್ತಿಯ ಮಗಳ ಪಾಲಿಗೆ ಬಂತು. ನಾನು ಮುಂದಿನ ಸಲ ಹೋದಾಗ ಆಕೆ ಗಂಜಿ ಕುಡಿದು ಮುಗಿಸಿ, ಕಾಲು ಚಾಚಿ ಕೂತು, ಹೊಲದ ಆಳುಗಳಿಗೆ ಬಯ್ಯುತ್ತಿದ್ದರು. ಅದನ್ನು ನೋಡಿ ನನಗಾದ ಸಮಾಧಾನವನ್ನು ಈಗಲೂ ಮಾತಿನಲ್ಲಿ ಹೇಳಲಾರೆ.

ಆದರೆ ಆಕೆಗೆ ಸಮಾಧಾನವಿರಲಿಲ್ಲ. ಊರ ಬಾಯಿ ಇನ್ನೂ ಮುಚ್ಚಿರಲಿಲ್ಲ. “ನನ್ ಬಾಯಿಂದ ಓದ ಮಾತು. ನಾನು ಇರೋವಾಗ್ಲೇ ವಾಪಸ್ ತಕ್ಕಬೇಕು. ಸತ್ತ್ ಮ್ಯಾಲೆ ಯಾರು ತಕ್ಕತಾರೆ?” ಎಂದು ಗಂಡನನ್ನು ಸಾಲಗಾಮೆಗೆ ಕಳಿಸಿದರು. ಬರುವುದಿಲ್ಲ ಎಂದಿದ್ದ ಗಂಡಿನ ಕಡೆಯವರನ್ನು, ಕಾಯಿಲೆ ಬಿದ್ದವಳನ್ನು ನೋಡಿ ಹೋಗಲು ಬನ್ನಿ ಎಂದು ಕರೆಸಿದರು. ಆ ದಿನ ನಾನಿರಲಿಲ್ಲ. ಓರಗಿತ್ತಿ ಆಮೇಲೆ ಹೇಳಿದ್ದು.

ಗಂಡಿನ ತಾಯಿ, ಸೋದರಮಾವ ಬಂದು ಜಗಲಿಯಲ್ಲಿ ಕೂತರಂತೆ. ಆಕೆ ಗಂಡನ, ಮಗನ ತೋಳು ಹಿಡಿದು ಜಗಲಿಗೆ ಬಂದು ಕೂತು, ಯಾವ ಪೀಠಿಕೆಯೂ ಇಲ್ಲದೆ, “ನಂಗೆ ಕ್ಯಾನ್ಸರು. ಹಾಸನದಾಗೆ ಒಟ್ಟೆ ಬಿಚ್ಚಿ ನೋಡವ್ರೆ. ಮದ್ದು ಅಂದೋಳು ನಾನು. ನನ್ ಮಾತು ಕೇಳಿ ನೀವು ಬರ್ನಿಲ್ಲ, ಈಗ ನನ್ ಮಾತು ಕೇಳಿ ಉಡ್ಗಿನ ನೋಡಿ” ಅಂದರಂತೆ. ಕಾಫಿ ಗೋಡೆಯಾಚೆಯ ಮನೆಯಿಂದ ಬಂತು. ಬಂದವರು ಲೋಟ ಮುಟ್ಟದೆ ಕೂತಿದ್ದರು. ಆಕೆ ತಟ್ಟೆಯಿಂದ ಒಂದು ಲೋಟ ತೆಗೆದುಕೊಂಡು, ಕಾಫಿ ಹೊಟ್ಟೆಗೆ ಆಗುವುದಿಲ್ಲವೆಂದು ಗೊತ್ತಿದ್ದೂ, ಎಲ್ಲರ ಮುಂದೆ ಪೂರ್ತಿ ಕುಡಿದರಂತೆ.

“ಸಂಜೆ ಎಲ್ಲ ವಾಂತಿ ಮಾಡ್ಕಂತು,” ಎಂದು ಓರಗಿತ್ತಿ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಹೇಳಿದರು. “ಅವ್ರು ಓಗೋಗಂಟ ತಡ್ಕಂಡಿತ್ತು.”

ಸಾಲಗಾಮೆಯವರೂ ಕುಡಿದರು. ಮದ್ದಿನ ಮಾತು ಅಲ್ಲಿಗೆ ನಿಂತಿತು.

ಆಮೇಲಿನ ದಿನಗಳಲ್ಲಿ ಆಕೆ ಹೇಳಿಕೊಂಡ ಒಂದೇ ಆಸೆ, ರಾಮನಾಥಪುರದ ಹೊಳೆಗೆ ಹೋಗಬೇಕು ಎಂಬುದು. ಅಲ್ಲಿ ದೇವರ ಮೀನುಗಳಿಗೆ ಪುರಿ ಹಾಕುತ್ತಾರೆ. ಟೆಂಪೋದಲ್ಲಿ ಹಾಸಿಗೆ ಹಾಸಿ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಓರಗಿತ್ತಿಯರಿಬ್ಬರೂ ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಆತು ಕೂತು ಪುರಿ ಎಸೆದರು. ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. “ಎಂಗ್ ತಿಂತವೆ ನೋಡು, ನಂಗೆ ಒಟ್ಟೆಕಿಚ್ಚಾಯ್ತದೆ” ಅಂದರು ಆಕೆ. ಬಿಸಿಲು ಹಿತವಾಗಿತ್ತು. ಯಾರಿಗೂ ಏಳುವ ಅವಸರವಿರಲಿಲ್ಲ.

ಇತ್ತ ಮೈಸೂರಿನಲ್ಲಿ ನನ್ನ ಮೇಲಿನವರಿಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಳ್ಳಲು ಹೋದವಳು ನಡುವೆ ಕೈಹಾಕಿದ್ದಕ್ಕೆ ಆ ಮನೆಯ ವಿವರಗಳನ್ನು ಅಧ್ಯಯನದಿಂದ ತೆಗೆದುಬಿಡಬೇಕು ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ತೆಗೆದೆವು. ವರದಿಯಲ್ಲಿ ಈ ಹೆಂಗಸಿನ ಬಗ್ಗೆ ಒಂದು ಸಾಲೂ ಇಲ್ಲ. ಆದರೆ ಹಾಸನದ ಆ ಕೋಣೆಯಲ್ಲಿ ಡಾಕ್ಟರು ಈಗ ಬೇರೆ ಥರ ಮಾತು ಶುರು ಮಾಡುತ್ತಿದ್ದರು. ತಮ್ಮ ಕುರ್ಚಿಯನ್ನು ರೋಗಿಯ ಹತ್ತಿರಕ್ಕೆ ಎಳೆದುಕೊಂಡು, “ನಿಮಗೇನಾಗಿದೆ ಅಂತ ನಿಮಗನ್ಸುತ್ತೆ?” ಎಂದು ಕೇಳುತ್ತಿದ್ದರು. ಕೆಲವರು, ನನಗೆ ಏನೂ ಹೇಳಬೇಡಿ ಎನ್ನುತ್ತಿದ್ದರು. ಆಗ ಹೇಳುತ್ತಿರಲಿಲ್ಲ. ಬಹಳ ಮಂದಿ, ಹೇಳಿ ಎನ್ನುತ್ತಿದ್ದರು. ಹೊರಗೆ ರೋಗಿಗಳ ಸಾಲು ಬೆಳೆಯಿತು, ನರ್ಸುಗಳು ಗೊಣಗಿದರು.

ಹೊಗೆಸೊಪ್ಪು ಮಾರಾಟಕ್ಕೆ ಹೋಗುವ ಹೊತ್ತಿಗೆ ಆಕೆ ತೀರಿಕೊಂಡರು. ಬೆಳಗ್ಗೆ ಓರಗಿತ್ತಿ ಆಕೆಯ ತಲೆ ಬಾಚುತ್ತಿದ್ದಾಗ, ಸಿಕ್ಕು ಬಿಡಿಸಲು ಹೊತ್ತು ಹಿಡಿಯಿತಂತೆ, ನೋಡಿದರೆ ಉಸಿರು ನಿಂತಿತ್ತಂತೆ. ನೋವಿರಲಿಲ್ಲ. ತಿಥಿಯ ದಿನ ನಾನು, ಡಾಕ್ಟರು ಇಬ್ಬರೂ ಹೋದೆವು. ಅಂಗಳದಲ್ಲಿ ಚಪ್ಪರ ಹಾಕಿ ಎಲೆ ಹಾಕಿದ್ದರು. ಮುದ್ದೆ ಬಡಿಸುತ್ತಿದ್ದವರು ಓರಗಿತ್ತಿಯೇ. ಊರಿನವರು ಸಾಲಾಗಿ ಕೂತು ಉಣ್ಣುತ್ತಿದ್ದರು. ಇನ್ನೊಂದು ತುತ್ತು ಹಾಕಿ ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ನಮ್ಮ ಎಲೆಯ ಹತ್ತಿರ ಬಂದಾಗ ಅವರು ಡಾಕ್ಟರಿಗೆ, “ಸಾ, ನೀವು ಅವತ್ತು ಬರ್ದೇ ಇದ್ದಿದ್ರೆ ನಮ್ಮಕ್ಕ ನನ್ ಜೊತೆ ಮಾತು ಬಿಟ್ಟೇ ಒಂಟೋಗದು” ಅಂದರು. ಡಾಕ್ಟರು ಎರಡನೇ ಮುದ್ದೆ ಹಾಕಿಸಿಕೊಂಡರು.

ಹಿಂದಿರುಗುವಾಗ ಅವರಿಗೆ ಬೇರೆ ಕೆಲಸವಿದ್ದುದರಿಂದ ನಾನು ಅರಕಲಗೂಡಿನಲ್ಲಿ ಇಳಿದು ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹೊಟ್ಟೆ ತುಂಬಿತ್ತು, ಮನಸ್ಸು ಹಗುರವಾಗಿತ್ತು. ಕೂತದ್ದೊಂದು ಗೊತ್ತು. ಹೊಳೆನರಸೀಪುರ ಬಂತು ಎಂದು ಕಂಡಕ್ಟರು ಎಬ್ಬಿಸುವವರೆಗೂ ಚೆನ್ನಾಗಿ ನಿದ್ದೆ ಮಾಡಿದೆ.